ಮುರಿದ ಆರರ ಬೋಲ್ಟ್: ಅರ್ಧ ದಿನದ ಕ್ಲಚ್ ಕೆಲಸಕ್ಕೆ ಮೂರು ದಿನ ಹಿಡಿದ ಪ್ರಕರಣ

ಗಾಡಿ 2009ರ ಸ್ಪ್ಲೆಂಡರ್. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಯಜಮಾನರು ಮೇಗರವಳ್ಳಿ ಕಡೆಯ ಕೊನೆಗೌಡರು. ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಔಷಧಿ ಹೊಡೆಯುತ್ತಾರೆ, ಮಳೆ ಬಿಟ್ಟಮೇಲೆ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುತ್ತಾರೆ. ನವರಾತ್ರಿಗೆ ಇನ್ನೂ ಒಂದು ವಾರ ಇತ್ತು, ಅವರ ಕೊಯ್ಲಿನ ಕೆಲಸ ಆಗಷ್ಟೇ ಶುರುವಾಗಿತ್ತು. ತೀರ್ಥಹಳ್ಳಿಯ ನನ್ನ ಗ್ಯಾರೇಜಿಗೆ ಗಾಡಿ ತಂದು ನಿಲ್ಲಿಸಿ, “ಏರಲ್ಲಿ ಎಂಜಿನ್ ಮಾತ್ರ ಕೂಗ್ತದೆ, ಗಾಡಿ ಮುಂದೆ ಹೋಗೋದಿಲ್ಲ ಮಾರಾಯ್ರೆ” ಅಂದರು.

ಇದು ಕ್ಲಚ್ ಜಾರುವ ಲಕ್ಷಣ. ಆದರೂ ಕೇಬಲ್ ಬಿಗಿಯಾಗಿದ್ದರೆ ಒಳ್ಳೆಯ ಪ್ಲೇಟ್ ಕೂಡ ಜಾರುತ್ತದೆ ಅಂತ ಮೊದಲು ಲಿವರ್ ನೋಡಿದೆ. ತುದಿಯಲ್ಲಿ 10ರಿಂದ 20 ಮಿಮೀ ಸಡಿಲ ಇರಬೇಕು, ಇತ್ತು. ರಸ್ತೆಗೆ ಒಯ್ದು ನಾಲ್ಕನೇ ಗೇರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ತಿರುಗಿಸಿದೆ. ಶಬ್ದ ಏರಿತು, ವೇಗ ಏರಲಿಲ್ಲ. ಆಯಿಲ್ ಕಡ್ಡಿ ಎಳೆದು ಮೂಸಿದರೆ ಸುಟ್ಟ ವಾಸನೆ. ಕೇಳಿದಾಗ, ಮಳೆಗಾಲದಲ್ಲಿ ಆಯಿಲ್ ಕಡಿಮೆಯಾಗಿದ್ದಕ್ಕೆ ಯಾರೋ ಕೊಟ್ಟ ಕಾರಿನ ಆಯಿಲ್ ಸುರಿದುಕೊಂಡಿದ್ದಾರೆ ಅಂತ ಗೊತ್ತಾಯಿತು. ಬೈಕಿನ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸಿರುತ್ತಾರೆ. ಅದು ಕಾರಿಗೆ ಒಳ್ಳೆಯದು, ಇಲ್ಲಿ ಪ್ಲೇಟ್ ಜಾರಿಸುತ್ತದೆ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಂತ ಇರುವ ಆಯಿಲ್ ಹಾಕಿ ಅಂತ ನಾವು ಹೇಳುವುದು ಇದಕ್ಕೇ.

ಕ್ಲಚ್ ಪ್ಲೇಟ್ ಬದಲಿಸುವುದು ಅರ್ಧ ದಿನದ ಕೆಲಸ. ಸಂಜೆಗೆ ಕೊಡುತ್ತೇನೆ ಅಂದೆ.

ಈ ಗಾಡಿಯ ಬಲಗಡೆ, ಕ್ಲಚ್ ಮುಚ್ಚುವ ಕವರಿನ ಕೆಳಭಾಗದಲ್ಲಿ, ಮುಂದಿನ ಬೋಲ್ಟಿನ ಸುತ್ತ, ತಿಳಿನೀಲಿ ಬಣ್ಣದ ಕಲೆ ಇತ್ತು. ಕೆಸರು ಒರೆಸುವಾಗಲೇ ಕಣ್ಣಿಗೆ ಬಿತ್ತು. ಔಷಧಿಯ ಕಲೆ ಅಂತ ಅರ್ಥವೂ ಆಯಿತು. ಆದರೂ ಕೈ ನಿಲ್ಲಿಸಲಿಲ್ಲ. ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ಅದು.

ನಮ್ಮ ಸೀಮೆಯಲ್ಲಿ ಔಷಧಿ ಅಂದರೆ ಬೋರ್ಡೋ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗಕ್ಕೆ ನಾವು ನಂಬಿರುವುದು ಇದನ್ನೇ. ಸುಣ್ಣ ಕಡಿಮೆಯಾಯಿತೋ ಇಲ್ಲವೋ ಅಂತ ನೋಡಲು ತೋಟದವರು ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಹಾಕು ಅಂತ ಲೆಕ್ಕ. ಕತ್ತಿಗೆ ಆಗುವುದು ಬೋಲ್ಟಿಗೂ ಆಗುತ್ತದೆ. ಮೈಲುತುತ್ತದ ಚೀಲ, ಔಷಧಿಯ ಕೊಡ, ನೆನೆದ ಪೈಪು ಎಲ್ಲವನ್ನೂ ಈ ಗಾಡಿಯ ಮೇಲೆ ಹೇರಿಕೊಂಡು ಎಷ್ಟೋ ಮಳೆಗಾಲ ಓಡಾಡಿದ್ದಾರೆ. ಸೋರಿದ ಹನಿ ಕೆಳಗಿನ ಬೋಲ್ಟಿನ ತಲೆಯ ಸುತ್ತ ನಿಲ್ಲುತ್ತದೆ. ಬೋಲ್ಟಿನ ಮೇಲಿರುವ ಜಿಂಕ್ ಲೇಪ ಮೊದಲು ಹೋಗುತ್ತದೆ. ಆಮೇಲೆ ತಾಮ್ರದ ಅಂಶ ಉಕ್ಕು, ಅಲ್ಯೂಮಿನಿಯಂ ಎರಡರ ಮೇಲೂ ಕೂತು ತಿನ್ನತೊಡಗುತ್ತದೆ. ಸುಣ್ಣ ಹೆಚ್ಚಾದರೂ ನೆಮ್ಮದಿ ಇಲ್ಲ, ಅಲ್ಯೂಮಿನಿಯಂ ಅನ್ನು ಕ್ಷಾರವೂ ತಿನ್ನುತ್ತದೆ. ಹೀಗೆ ಹುಟ್ಟುವ ಬಿಳಿ ಪುಡಿ ಥ್ರೆಡ್ಡಿನ ಸಂದಿನಲ್ಲಿ ಉಬ್ಬಿ ಬೋಲ್ಟನ್ನು ಅಮುಕಿ ಹಿಡಿಯುತ್ತದೆ.

ಆಯಿಲ್ ಇಳಿಸಿ, ಫುಟ್‌ರೆಸ್ಟ್, ಕಿಕ್ಕರ್ ಬಿಚ್ಚಿ, ಕ್ಲಚ್ ಕೇಬಲ್ ಕಳಚಿದೆ. ಕವರಿನ ಬೋಲ್ಟುಗಳೆಲ್ಲ ಆರರವು, ಅಂದರೆ ಆರು ಮಿಮೀ ದಪ್ಪದವು, ತಲೆ ಎಂಟರದು. 8ರ ಟಿ ಸ್ಪ್ಯಾನರಿಗೆ ಒಂದೊಂದಾಗಿ ಬಂದವು. ಸರಿಯಾಗಿ ಬರುವ ಬೋಲ್ಟ್ ಮೊದಲು ‘ಟಕ್’ ಅನ್ನುತ್ತದೆ, ಆಮೇಲೆ ಹಗುರಾಗುತ್ತದೆ. ಈ ಕಲೆಯ ಬೋಲ್ಟ್ ಟಕ್ ಅನ್ನಲಿಲ್ಲ. ಕಾಲು ಸುತ್ತಿನಷ್ಟು ಮೆತ್ತಗೆ, ಒದ್ದೆ ಹಗ್ಗ ಹಿಂಡಿದ ಹಾಗೆ ತಿರುಗಿತು. ಬೋಲ್ಟ್ ಬಿಚ್ಚಿಕೊಳ್ಳುತ್ತಿಲ್ಲ, ತಿರುಚಿಕೊಳ್ಳುತ್ತಿದೆ ಅಂತ ಕೈಗೆ ತಿಳಿಯುವಷ್ಟರಲ್ಲಿ ತಲೆ ಸ್ಪ್ಯಾನರಿನೊಳಗೇ ಕಳಚಿ ಬಂತು.

ಆ ಮೆತ್ತಗಿನ ತಿರುಗು ಕೈಗೆ ಸಿಕ್ಕ ಕ್ಷಣದಲ್ಲೇ ನಿಲ್ಲಿಸಬೇಕು. ಹಿಂದಕ್ಕೆ, ಅಂದರೆ ಬಿಗಿ ಮಾಡುವ ದಿಕ್ಕಿಗೆ ಸ್ವಲ್ಪ ಒತ್ತಿ, ಎಣ್ಣೆ ಬಿಟ್ಟು, ಕಾಯಿಸಿ, ಮತ್ತೆ ಹಿಂದೆ ಮುಂದೆ ಆಡಿಸಬೇಕು. ಹಾಗೆ ಮಾಡಿದ್ದರೆ ಈ ಬೋಲ್ಟ್ ಇಡಿಯಾಗಿ ಬರುತ್ತಿತ್ತು ಅಂತ ಇಂದಿಗೂ ನಂಬಿದ್ದೇನೆ.

ತಲೆ ಹೋದ ತಕ್ಷಣ ಸ್ಪ್ಯಾನರ್ ಕೆಳಗಿಟ್ಟು ಕೊನೆಗೌಡರಿಗೆ ಫೋನ್ ಮಾಡಿದೆ.

“ಗೌಡ್ರೆ, ಕವರಿನ ಒಂದು ಬೋಲ್ಟ್ ಮುರೀತು. ನನ್ನ ಕೈಯಲ್ಲೇ ಮುರಿದಿದ್ದು. ಇವತ್ತು ಗಾಡಿ ಆಗೋದಿಲ್ಲ.”

“ಅಯ್ಯೋ, ನಾಡಿದ್ದು ಎರಡು ತೋಟ ಒಪ್ಪಿಕೊಂಡಿದ್ದೆನಲ್ಲ ಮಾರಾಯ್ರೆ. ದೋಟಿ, ಹಗ್ಗ ಎಲ್ಲ ಹೊತ್ತುಕೊಂಡು ಬಸ್ಸಲ್ಲಿ ಹೋಗೋದು ಹೇಗೆ?”

“ನನ್ನ ಸ್ಕೂಟರ್ ತಗೊಂಡು ಹೋಗಿ. ಇದನ್ನ ಅವಸರ ಮಾಡಿದ್ರೆ ಎಂಜಿನ್ ಕೇಸೇ ಹೋಗ್ತದೆ.”

ಸಂಜೆ ಬಂದು ಸ್ಕೂಟರ್ ತೆಗೆದುಕೊಂಡು ಹೋದರು. ಈ ಮಾತು ಆಡಿದ್ದರಿಂದಲೇ ಮುಂದಿನ ಕೆಲಸ ನೆಟ್ಟಗಾಯಿತು. ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದರೆ ಮುರಿದ ಬೋಲ್ಟಿಗೆ ಕೈ ಹಾಕಲೇಬಾರದು.

ಉಳಿದ ಬೋಲ್ಟುಗಳನ್ನು ತೆಗೆದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಎಲ್ಲಿಯದನ್ನು ಅಲ್ಲೇ ಚುಚ್ಚಿಟ್ಟೆ. ಉದ್ದ ಬೇರೆಬೇರೆ ಇರುವುದರಿಂದ ಇದನ್ನು ಬಿಡುವ ಹಾಗಿಲ್ಲ. ಕವರ್ ಸುಲಭಕ್ಕೆ ಬರಲಿಲ್ಲ. ಮುರಿದ ಬೋಲ್ಟಿನ ಮೈ ಕವರಿನ ತೂತಿನಲ್ಲೂ ಬಿಳಿ ಪುಡಿಯಿಂದ ಅಂಟಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಕು ಅನ್ನಿಸುತ್ತದೆ. ಮೀಟಿದರೆ ಪ್ಯಾಕಿಂಗ್ ಕೂರುವ ಮುಖಕ್ಕೆ ಗೀರು ಬೀಳುತ್ತದೆ, ಆಮೇಲೆ ಜೀವಮಾನವಿಡೀ ಆಯಿಲ್ ಒಸರುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ತಟ್ಟುತ್ತಾ, ನಡುನಡುವೆ ಎಣ್ಣೆ ಬಿಡುತ್ತಾ, ಒಂದು ಗಂಟೆಯ ಮೇಲೆ ಕವರ್ ಕೈಗೆ ಬಂತು. ಎಂಜಿನ್ ಕೇಸಿನಿಂದ ಬೋಲ್ಟಿನ ಮೋಟು ಎರಡೂವರೆ ಸೆಂಟಿಮೀಟರಿನಷ್ಟು ಹೊರಗೆ ನಿಂತಿತ್ತು. ಹಿಡಿಯಲು ಅಷ್ಟು ಸಿಕ್ಕಿದ್ದು ಪುಣ್ಯ ಅಂದುಕೊಂಡೆ.

ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್, ಅಸಿಟೋನ್ ಎರಡನ್ನೂ ಸಮಸಮ ಬೆರೆಸಿ ಬುಡಕ್ಕೆ ಹನಿ ಹನಿ ಬಿಟ್ಟು ರಾತ್ರಿ ಹಾಗೇ ಇಟ್ಟೆ. ಬೆಳಿಗ್ಗೆ ಅಸಿಟೋನಿನ ವಾಸನೆ ಪೂರ್ತಿ ಹೋದಮೇಲೆ, ಪೆಟ್ರೋಲ್ ಪೈಪ್ ಕಳಚಿ ಟ್ಯಾಂಕ್ ಇಳಿಸಿ, ಹೀಟ್ ಗನ್ನಿನಿಂದ ಬೋಲ್ಟಿನ ಸುತ್ತಲ ಕೇಸನ್ನು ಕಾಯಿಸಿದೆ. ನೀರಿನ ಹನಿ ಬಿದ್ದರೆ ಚುರ್ರೆಂದು ಆರಬೇಕು, ಅಷ್ಟು. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಆರು ಮಿಮೀ ತೂತಿನಲ್ಲಿ, ನೂರು ಡಿಗ್ರಿ ಏರಿಕೆಗೆ, ಎರಡರ ನಡುವೆ ಬರುವ ವ್ಯತ್ಯಾಸ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರೇಳು ಪಾಲು ಮಾತ್ರ. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು ಅನ್ನಿ. ಆದರೆ ಎಣ್ಣೆ ಒಳಗೆ ನುಸುಳಲು, ಪುಡಿಯ ಹಿಡಿತ ಬಿರುಕು ಬಿಡಲು ಅದೇ ಸಾಕು.

ವೈಸ್ ಗ್ರಿಪ್ ಇಕ್ಕಳ ಹಾಕಿ ಮೆಲ್ಲಗೆ ಆಡಿಸಿದೆ. ಮೋಟು ನೂಲಿನಷ್ಟು ಅಲ್ಲಾಡಿತು. ಇನ್ನೇನು ಬಂತು ಅನ್ನುವ ಆಸೆಯಲ್ಲಿ ಹಿಂದಕ್ಕೆ ಒತ್ತುವುದನ್ನು ಬಿಟ್ಟು ಒಂದೇ ದಿಕ್ಕಿಗೆ ಎಳೆದೆ. ಮತ್ತೆ ಅದೇ ಒದ್ದೆ ಹಗ್ಗ. ಈ ಸಲ ಮುರಿದದ್ದು ಕೇಸಿನ ಮುಖಕ್ಕಿಂತ ಒಂದು ಮಿಲಿಮೀಟರ್ ಒಳಗೆ. ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ತಿನ್ನಿಸಿಕೊಂಡ ಉಕ್ಕು ಒಮ್ಮೆ ತಿರುಚಿದ ಮೇಲೆ ಮೊದಲಿನ ಉಕ್ಕಾಗಿ ಉಳಿದಿರುವುದಿಲ್ಲ ಅಂತ ಗೊತ್ತಿದ್ದೂ ಎಳೆದಿದ್ದೆ.

ನನ್ನ ಜೊತೆ ಕೆಲಸ ಕಲಿಯುವ ಹುಡುಗ, ಮುರಿದ ಬೋಲ್ಟ್ ಹೊರತೆಗೆಯುವ ಈಜಿ ಔಟ್‌ಗಳ ಡಬ್ಬಿ ಹಿಡಿದು ನಿಂತಿದ್ದ. “ಅಣ್ಣಾ, ನಡುವೆ ತೂತು ಹಾಕಿ ಇದನ್ನ ಹಾಕಿದ್ರೆ ಬರಲ್ವಾ?”

ಅವನನ್ನು ಕೂರಿಸಿಕೊಂಡು ಲೆಕ್ಕ ಹೇಳಿದೆ. ಆರರ ಬೋಲ್ಟಿನ ಥ್ರೆಡ್ ಬುಡದಲ್ಲಿ ದಪ್ಪ ಸುಮಾರು 4.8 ಮಿಮೀ. ಅಷ್ಟು ದಪ್ಪದ ಉಕ್ಕೇ ತಿರುಚಿ ಮುರಿಯಿತು, ಬೋಲ್ಟ್ ಜಾಗ ಬಿಡಲಿಲ್ಲ. ಈಗ ಅದರೊಳಗೆ ಮೂರು ಮಿಮೀ ತೂತು ಹಾಕಿ ಅಷ್ಟೇ ಸಣ್ಣ ಈಜಿ ಔಟ್ ತಿರುಗಿಸುತ್ತೀಯ. ತಿರುಚುವ ಬಲ ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. ಒಂದೇ ಲೋಹವಾದರೆ ಮೂರು ಮಿಮೀ ಕಡ್ಡಿ 4.8ರ ಕಾಲು ಭಾಗ ಬಲ ತಡೆಯುತ್ತದೆ, ಅಷ್ಟೇ. ಈಜಿ ಔಟ್ ಗಟ್ಟಿ ಉಕ್ಕು, ನಿಜ. ಆದರೆ ಗಟ್ಟಿಯಾದದ್ದು ಬಗ್ಗುವುದಿಲ್ಲ, ಗಾಜಿನ ಹಾಗೆ ಒಡೆಯುತ್ತದೆ. ಅದರ ತುಂಡು ಒಳಗೆ ಉಳಿದರೆ ನಮ್ಮ ಹತ್ತಿರ ಇರುವ ಯಾವ ಡ್ರಿಲ್ ಬಿಟ್ಟೂ ಅದನ್ನು ಕೊರೆಯುವುದಿಲ್ಲ. ಅದೂ ಅಲ್ಲದೆ ಈಜಿ ಔಟ್ ಬೆಣೆಯಾಕಾರದ್ದು, ಒಳಗೆ ಕಚ್ಚಿದಷ್ಟೂ ಮೋಟನ್ನು ಅಗಲ ಮಾಡಿ ಗೋಡೆಗೆ ಇನ್ನಷ್ಟು ಒತ್ತುತ್ತದೆ. ತಲೆ ಮಾತ್ರ ಹಾರಿಹೋದ, ಥ್ರೆಡ್ ಸಡಿಲವಿರುವ ಬೋಲ್ಟಿಗೆ ಅದು ಒಳ್ಳೆಯ ಸಾಮಾನು. ತುಕ್ಕು ಹಿಡಿದು ಮುರಿದದ್ದಕ್ಕೆ ಅಲ್ಲ.

ಇನ್ನೊಂದು ದಾರಿ ವೆಲ್ಡಿಂಗ್. ಮೋಟಿನ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ತುಂಬಿ, ಆರಿದ ಮೇಲೆ ನಟ್ ತಿರುಗಿಸುವುದು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ, ಮೇಲಾಗಿ ಆ ಬಿಸಿಯೇ ತುಕ್ಕಿನ ಹಿಡಿತ ಬಿಡಿಸುತ್ತದೆ. ತಂತಿಯಿಂದ ಬೆಸೆಯುವ ಮಿಗ್ ಮಷಿನ್ನೂ ಪಳಗಿದ ಕೈಯೂ ಹತ್ತಿರವಿದ್ದರೆ ನಾನು ಮೊದಲು ಅದನ್ನೇ ಮಾಡಿಸುತ್ತಿದ್ದೆ. ಬ್ಯಾಟರಿ, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಡಬ್ಬಿ) ಕಳಚಿ, ಅರ್ಥಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕೇಸಿಗೆ ಹಿಡಿಸಬೇಕು. ದೂರ ಹಿಡಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಗುಂಡುಗಳ ಮೇಲೆ ಚುಕ್ಕಿ ಬೀಳಿಸುತ್ತದೆ. ಆದರೆ ಅವತ್ತು ಸಿಕ್ಕಿದ್ದು ಆರ್ಕ್ ವೆಲ್ಡಿಂಗ್ ಮಾತ್ರ. ಒಂದು ಮಿಮೀ ಒಳಗಿರುವ ಮೋಟಿಗೆ ರಾಡ್ ಮುಟ್ಟಿಸಲು ಹೋದರೆ ತೂತಿನ ಅಂಚು ಕರಗುತ್ತಿತ್ತು. ಬಿಟ್ಟೆ.

ಉಳಿದದ್ದು ಡ್ರಿಲ್. ಕೈಯಲ್ಲಿ ಹಿಡಿದ ಡ್ರಿಲ್ ಮಷಿನ್ನಿನಿಂದ, ಓರೆಯಾಗಿ ಮುರಿದ ಉಕ್ಕಿನ ನಟ್ಟನಡುವೆ ತೂತು ಹಾಕುವುದು ಆಗದ ಮಾತು. ಬಿಟ್ ಗಟ್ಟಿ ಉಕ್ಕಿನಿಂದ ಜಾರಿ ಮೆತ್ತಗಿನ ಅಲ್ಯೂಮಿನಿಯಂ ಕಡೆ ಓಡುತ್ತದೆ. ಆಮೇಲೆ ಎಲ್ಲರೂ ಸೇರಿ ತೂತು ಅಗಲ ಮಾಡುತ್ತಾ ಹೋಗುತ್ತಾರೆ.

ಮಧ್ಯಾಹ್ನ ಊಟ ಮಾಡಿ ಬಂದು ಬೆಂಚಿನ ಮೇಲಿದ್ದ ಕವರನ್ನೇ ನೋಡುತ್ತಾ ಕೂತೆ. ಬೋಲ್ಟಿನ ನಡು ಎಲ್ಲಿ ಅಂತ ಬಲ್ಲದ್ದು ಅದೊಂದೇ. ಜಾಗ ಗುರುತಿಸುವ ಎರಡು ಡೋವೆಲ್ ಪಿನ್ ಮೇಲೆ ಕವರ್ ಕೂತರೆ ಅದರ ತೂತು ಕೇಸಿನ ತೂತಿನ ನೇರಕ್ಕೇ ನಿಲ್ಲುತ್ತದೆ. ಆ ತೂತಿನೊಳಗೆ ಬಿಗಿಯಾಗಿ ಕೂರುವ ಬುಷ್ (ಸಣ್ಣ ಕೊಳವೆ) ಇದ್ದರೆ ಡ್ರಿಲ್ ಬಿಟ್ ಅತ್ತಿತ್ತ ಓಡಲು ಜಾಗವೇ ಇರುವುದಿಲ್ಲ.

ಕವರನ್ನು ಗೋಣಿಯಲ್ಲಿ ಸುತ್ತಿಕೊಂಡು ಲೇತಿನವರ ಹತ್ತಿರ ಹೋದೆ. ತೂತನ್ನು ಶುಚಿ ಮಾಡಿ ವರ್ನಿಯರಿನಲ್ಲಿ ಅಳೆದು, ಅದಕ್ಕೆ ಸರಿಹೊಂದುವ ಎರಡು ಉಕ್ಕಿನ ಬುಷ್ ಕಡೆದುಕೊಟ್ಟರು. ಹೊರಗಿನ ಅಳತೆ ಎರಡಕ್ಕೂ ಒಂದೇ, ಒಳಗಿನ ತೂತು ಒಂದರಲ್ಲಿ 3 ಮಿಮೀ, ಇನ್ನೊಂದರಲ್ಲಿ 4.8 ಮಿಮೀ. ಉದ್ದ ಎಷ್ಟೆಂದರೆ, ಹೊರತುದಿ ಕವರಿನ ಬಾಯಿಯಲ್ಲಿ, ಒಳತುದಿ ಕೇಸಿನ ಮುಖಕ್ಕೆ ತಾಗುವಷ್ಟು. ಅವರಿಗೆ ಹತ್ತು ನಿಮಿಷದ ಕೆಲಸ, ನನಗೆ ಇಡೀ ಎಂಜಿನ್ ಉಳಿಸಿದ ಕೆಲಸ.

ಮೂರನೇ ದಿನ ಬೆಳಿಗ್ಗೆ ಶುರು ಮಾಡಿದೆ. ಕ್ಲಚ್, ಆಯಿಲ್ ಪಂಪ್ ಕಡೆ ಬಟ್ಟೆ ತುರುಕಿ, ಕೇಸಿನ ತೂತಿನ ಸುತ್ತ ಗ್ರೀಸ್ ಬಳಿದು, ಕವರ್ ಕೂರಿಸಿ ನಾಲ್ಕು ಬೋಲ್ಟ್ ಬಿಗಿದೆ. ಮೂರರ ಬುಷ್ ತೂರಿಸಿದೆ. ಹಳೆಯ ಬೋಲ್ಟಿನ ಉದ್ದಕ್ಕೆ ಹೊಸದನ್ನು ಹೋಲಿಸಿದಾಗ ಅದು ಕೇಸಿನೊಳಗೆ 14 ಮಿಮೀ ಇಳಿದಿತ್ತು ಅಂತ ಗೊತ್ತಾಗಿತ್ತು. ಆ ಲೆಕ್ಕಕ್ಕೆ ಬಿಟ್ಟಿನ ಮೇಲೆ ಟೇಪ್ ಸುತ್ತಿದೆ. ಹೊಸ ಕೋಬಾಲ್ಟ್ ಬಿಟ್, ನಿಧಾನ ವೇಗ, ಎರಡು ಮಿಮೀ ಇಳಿದಾಗೊಮ್ಮೆ ಹೊರಗೆಳೆದು ಎಣ್ಣೆ.

ಹುಡುಗನಿಗೆ ಒಂದೇ ಕೆಲಸ ಕೊಟ್ಟಿದ್ದೆ: ಬರುವ ಚೂರಿನ ಬಣ್ಣ ನೋಡುವುದು. ಬೂದು ಬಣ್ಣದ ಸುರುಳಿ ಬರುತ್ತಿದ್ದರೆ ಉಕ್ಕಿನಲ್ಲಿದ್ದೇವೆ. ಬೆಳ್ಳಿಯ ಹಾಗೆ ಹೊಳೆಯುವ ಮೆತ್ತಗಿನ ಚೂರು ಕಂಡರೆ ಕೂಗಬೇಕು, ಬಿಟ್ ಗೋಡೆಗೆ ಹತ್ತಿದೆ ಅಂತ. ಬಿಳಿ ಕಾಗದದ ಮೇಲೆ ಚೂರು ಹರಡಿಕೊಂಡು ಪ್ರತಿ ಸಲವೂ “ಬೂದು ಅಣ್ಣಾ”, “ಬೂದೇ ಅಣ್ಣಾ” ಅನ್ನುತ್ತಿದ್ದ. ಟೇಪ್ ಹತ್ತಿರ ಬರುವಾಗ ಬಿಟ್ ಒಮ್ಮೆಲೇ ಹಗುರಾಗಿ ಮುಂದಕ್ಕೆ ಜರುಗಿತು. ಬೋಲ್ಟಿನ ತುದಿ ದಾಟಿ ಕೆಳಗಿನ ಖಾಲಿ ಜಾಗಕ್ಕೆ ಬಂದಿದ್ದೆವು. ಬುಷ್ ಬದಲಿಸಿ 4.8ರ ಬಿಟ್ ಹಾಕಿದೆ. ಅದೂ ಬೂದು ಚೂರಿನಲ್ಲೇ ಮುಗಿಯಿತು.

ಕವರ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ತೂತಿನ ಒಳಗೋಡೆಯ ಸುತ್ತ ಉಕ್ಕಿನ ತೆಳು ಎಳೆ ಕಂಡಿತು. ಬೋಲ್ಟಿನ ಹೊಟ್ಟೆಯೆಲ್ಲ ಹೋಗಿ ಥ್ರೆಡ್ ಮಾತ್ರ ಉಳಿದಿತ್ತು. ನಡು ತಪ್ಪಿರಲಿಲ್ಲ. ಚೂಪು ಕಡ್ಡಿಯಿಂದ ಮೊದಲ ಸುತ್ತನ್ನು ಒಳಕ್ಕೆ ಮಡಚಿ, ಸಣ್ಣ ಇಕ್ಕಳದಲ್ಲಿ ಹಿಡಿದು ಎಳೆದೆ. ಸುರುಳಿ ಸುರುಳಿಯಾಗಿ, ಬಾಲ್ ಪೆನ್ನಿನ ಸ್ಪ್ರಿಂಗಿನ ಹಾಗೆ ಹೊರಬಂತು. ಅರ್ಧದಲ್ಲಿ ತುಂಡಾಯಿತು, ಉಳಿದದ್ದನ್ನು ಮತ್ತೆ ಕೆದಕಿ ತೆಗೆದೆ. ಆ ಸುರುಳಿಯ ಸಂದುಗಳಲ್ಲಿ ಬಿಳಿ ಪುಡಿ, ಅದರ ಮೇಲೆ ಅಲ್ಲಲ್ಲಿ ನೀಲಿ ಛಾಯೆ ಹಾಗೇ ಇತ್ತು.

ಥ್ರೆಡ್ ಕಡೆಯುವ 6 ಗುಣಿಸು 1ರ ಟ್ಯಾಪನ್ನು (ಆರು ಮಿಮೀ ದಪ್ಪ, ಸುತ್ತಿಗೆ ಒಂದು ಮಿಮೀ) ಬೆರಳಿನಿಂದಲೇ ಶುರು ಮಾಡಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ಇಳಿಸಿದೆ. ಬಾಯಿಯ ಹತ್ತಿರದ ಮೂರು ಸುತ್ತು ಥ್ರೆಡ್ ತಿಂದುಹೋಗಿತ್ತು, ಒಳಗಿನದು ಚೊಕ್ಕವಾಗಿತ್ತು. ಇಲ್ಲಿ ಹೆಲಿಕಾಯಿಲ್, ಅಂದರೆ ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ಉಕ್ಕಿನ ಸುರುಳಿ, ಹಾಕಬೇಕೇ ಅನ್ನುವ ಪ್ರಶ್ನೆ ಬಂತು. ಹಾಕಿದರೆ ತಪ್ಪಿಲ್ಲ, ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಅದು ಗಟ್ಟಿಯೇ. ಆದರೆ ಅದಕ್ಕಾಗಿ ಇರುವ ಲೋಹವನ್ನು ಇನ್ನೂ ಕೊರೆಯಬೇಕು. ಒಮ್ಮೆ ಕೊರೆದದ್ದನ್ನು ತುಂಬುವ ಹಾಗಿಲ್ಲ. ತಂತಿ ಬಿಟ್ಟು ಅಳೆದಾಗ ತೂತಿನ ಆಳ 24 ಮಿಮೀ ಇತ್ತು. ಅಲ್ಯೂಮಿನಿಯಮ್ಮಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆಯಿಂದ ಎರಡರಷ್ಟು ಥ್ರೆಡ್ ಕಚ್ಚಿದರೆ ಸಾಕು. ಆರರದ್ದಕ್ಕೆ 9ರಿಂದ 12 ಮಿಮೀ. ಟ್ಯಾಪನ್ನು ಇನ್ನಷ್ಟು ಆಳಕ್ಕೆ ಇಳಿಸಿ, ಐದು ಮಿಮೀ ಉದ್ದ ಹೆಚ್ಚಿರುವ ಬೋಲ್ಟ್ ಆರಿಸಿಕೊಂಡೆ. ಕೆಟ್ಟ ಮೂರು ಸುತ್ತು ಬಿಟ್ಟರೂ 16 ಮಿಮೀ ಕಚ್ಚುತ್ತದೆ. ಇನ್ನೊಂದು ಸಲ ಕೆಟ್ಟರೆ ಹೆಲಿಕಾಯಿಲಿಗೆ ಜಾಗ ಇದ್ದೇ ಇದೆ.

ತೂತು ತಳಮುಚ್ಚಿದ್ದು. ಒಳಗೆ ಎಣ್ಣೆ ನಿಂತಿದ್ದಾಗ ಬೋಲ್ಟ್ ಬಿಗಿದರೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಕೇಸೇ ಸೀಳುತ್ತದೆ. ಗಾಳಿ ಹೊಡೆದು ಒಣಗಿಸಿದೆ. ಆಯಿಲಿನ ಜಾಲರಿ ತೆಗೆದು ತೊಳೆದೆ. ಒಳಗೆಲ್ಲ ಡೀಸೆಲ್ ಹೊಡೆದು ಇಳಿಸಿ, ಮ್ಯಾಗ್ನೆಟ್ ಆಡಿಸಿ, ಅಲ್ಯೂಮಿನಿಯಂ ಚೂರಿಗೆ ಮ್ಯಾಗ್ನೆಟ್ ಉಪಯೋಗವಿಲ್ಲವಾದ್ದರಿಂದ ಬಿಳಿ ಬಟ್ಟೆಯಲ್ಲಿ ಎರಡೆರಡು ಸಲ ಒರೆಸಿದೆ.

ಕ್ಲಚ್ಚಿನ ಕೆಲಸ ಇದರ ಮುಂದೆ ಏನೂ ಅಲ್ಲ. ಸ್ಟೀಲ್ ಪ್ಲೇಟುಗಳಲ್ಲಿ ಎರಡು ನೀಲಿ ತಿರುಗಿದ್ದವು, ಗಾಜಿನ ಮೇಲಿಟ್ಟರೆ ಅಲುಗಾಡುತ್ತಿದ್ದವು. ಸೆಟ್ ಪೂರ್ತಿ ಬದಲಿಸಿದೆ, ನಾಲ್ಕು ಸ್ಪ್ರಿಂಗ್ ಕೂಡ. ಹೊಸ ಪ್ಲೇಟುಗಳನ್ನು ಹಿಂದಿನ ದಿನವೇ ಆಯಿಲಿನಲ್ಲಿ ನೆನೆಹಾಕಿದ್ದೆ. ಸ್ಪ್ರಿಂಗಿನ ಬೋಲ್ಟುಗಳೂ ಆರರವೇ, ಎದುರುಬದುರು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಬಹಳ ಜನ ಮುರಿದುಕೊಳ್ಳುವುದು ಇವುಗಳನ್ನು, ಅದೂ ಬಿಚ್ಚುವಾಗ ಅಲ್ಲ, ಬಿಗಿಯುವಾಗ.

ಕವರಿನ ಬೋಲ್ಟುಗಳನ್ನೆಲ್ಲ ಹೊಸದು ಹಾಕಿದೆ. ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಸವರಿ, ಟಾರ್ಕ್ ರೆಂಚಿನಲ್ಲಿ 10 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ ಹೇಳುವುದಾದರೆ, ಕಾಲು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ನಾಲ್ಕು ಕೆಜಿ ತೂಗುವಷ್ಟು ಒತ್ತಡ. ಎಷ್ಟು ಕಡಿಮೆ ಅಂತ ಒಮ್ಮೆ ತಕ್ಕಡಿಯಲ್ಲಿ ಒತ್ತಿ ನೋಡಿ. ಟಿ ಸ್ಪ್ಯಾನರ್ ಹಿಡಿದ ನಮ್ಮ ಕೈ ದಿನವೂ ಇದರ ಎರಡರಷ್ಟು ಹಾಕುತ್ತದೆ.

ಮೂರನೇ ದಿನ ಸಂಜೆ ಕೊನೆಗೌಡರು ಬಂದರು. ಪ್ಲೇಟ್, ಆಯಿಲ್, ಪ್ಯಾಕಿಂಗ್, ಬೋಲ್ಟುಗಳ ದುಡ್ಡು ಮತ್ತು ಕ್ಲಚ್ ಕೆಲಸದ ಮಜೂರಿ ತೆಗೆದುಕೊಂಡೆ. ಮುರಿದ ಬೋಲ್ಟಿನ ಎರಡು ದಿನದ ಮಜೂರಿ, ಲೇತಿನ ದುಡ್ಡು ಕೇಳಲಿಲ್ಲ. ತುಕ್ಕು ಹಿಡಿಸಿದ್ದು ಔಷಧಿಯಾದರೂ ಕಲೆ ಕಂಡೂ ಕಾಯಿಸದೆ ತಿರುಗಿಸಿದ್ದು ನಾನು. ಆ ಸ್ಪ್ರಿಂಗಿನಂಥ ಸುರುಳಿಯನ್ನು ಅವರ ಅಂಗೈ ಮೇಲೆ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿ, “ಇದು ಮೈಲುತುತ್ತ ಅಲ್ವಾ?” ಅಂದರು. ಔಷಧಿ ಹೊಡೆದ ದಿನ ಸಂಜೆ ಗಾಡಿಯ ಕೆಳಭಾಗಕ್ಕೆ ನಾಲ್ಕು ಚೊಂಬು ಒಳ್ಳೆಯ ನೀರು ಹಾಕಿ ಅಂತ ಹೇಳಿದೆ.

ಜನವರಿಯಲ್ಲಿ ಆಯಿಲ್ ಬದಲಿಸಲು ಬಂದಿದ್ದರು. ಏರಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತಿದೆ ಅಂದರು. ಕವರಿನ ಕೆಳಗೆ ಬೆರಳಾಡಿಸಿದೆ, ಒಣಗಿತ್ತು. ಹುಡುಗನನ್ನು ಕರೆದು ಸ್ಪ್ಯಾನರ್ ಕೊಟ್ಟು, ಆ ಮುಂದಿನ ಬೋಲ್ಟನ್ನು ಸ್ವಲ್ಪ ಬಿಚ್ಚಿ ಮತ್ತೆ ಬಿಗಿಯಲು ಹೇಳಿದೆ. ‘ಟಕ್’ ಅಂದಿತು.